ಕೊನೆಯ ತೊಲೆ, ಎಡತೋಳಿನ ಪಟ್ಟಿ

ನಾನು ಕ್ರೇನು ನಡೆಸುವವನು. ಅಂತಿಂಥ ಕ್ರೇನಲ್ಲ. ಅದರ ತುದಿಯಲ್ಲಿ ನಾನು ಕೂತಿದ್ದರೆ ಮೋಡಗಳು "ಸ್ವಲ್ಪ ದಾರಿ ಬಿಡ್ತೀರಾ ಸ್ವಾಮಿ" ಅಂತ ಕೇಳಿಕೊಂಡು ಹೋಗಬೇಕು, ಹದ್ದುಗಳು ನನ್ನ ಕ್ಯಾಬಿನ್ನನ್ನು ತಲೆಯೆತ್ತಿ ನೋಡಬೇಕು, ಅಂಥದ್ದು. ಕೆಳಗೆ ಮಲಗಿದ್ದ ಬೆಕ್ಕೊಂದರ ಮೇಲೆ ಆನೆಯಷ್ಟು ತೂಕದ ಉಕ್ಕಿನ ತೊಲೆಯನ್ನು ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿದ್ದೇನೆ. ಬೆಕ್ಕು ಆಕಳಿಸಿತು, ಅದರ ಮೀಸೆ ತೊಲೆಗೆ ತಾಗಿತು, ಮಗ್ಗುಲು ಬದಲಿಸಿ ಮತ್ತೆ ಮಲಗಿತು. ನಂಬದಿದ್ದರೆ ಬೆಕ್ಕನ್ನೇ ಕೇಳಿ.

ಕೆಲಸದ ಜಾಗದಲ್ಲಿ ನನ್ನನ್ನು ಆಕಾಶರಾಯ ಅನ್ನುತ್ತಾರೆ. ಹೆಸರು ಅವರೇ ಇಟ್ಟದ್ದು. ಅವರ ಬಾಯಿಗೆ ಬರುವ ತನಕ ನಾನು ಬಿಟ್ಟಿರಲಿಲ್ಲ, ಅಷ್ಟೆ.

ಹೊಸ ರೈಲು ನಿಲ್ದಾಣದ ಚಾವಣಿಗೆ ಒಂದೊಂದು ತೊಲೆಯನ್ನೂ ಎತ್ತಿ ಕೂರಿಸಿದವನು ನಾನೇ. ಉಳಿದದ್ದು ಒಂದೇ ಒಂದು, ನಟ್ಟನಡುವಿನದು. ಅದು ಕೂತರೆ ಚಾವಣಿ ಮುಗಿಯಿತು. ಅದು ಬರಲು ಇನ್ನೊಂದು ತಿಂಗಳಿತ್ತು. ಅಷ್ಟರಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆ ಬಂತು. ಅದರಲ್ಲಿ ಪಾಸಾಗದವನು ಕ್ರೇನಿನ ಏಣಿ ಮುಟ್ಟುವಂತಿಲ್ಲ. ನನಗೇನು ಭಯ? ಮದುವೆ ಮನೆಗೆ ಹೋಗುವವನ ಹಾಗೆ ತಲೆ ಬಾಚಿಕೊಂಡು ಹೋದೆ.

ಡಾಕ್ಟರಮ್ಮ ಎಡತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿದರು. ಪಟ್ಟಿ ಬಿಗಿಯುತ್ತಿದ್ದ ಹಾಗೆ ನಾನು ಬೆಕ್ಕಿನ ಕಥೆ ತೆಗೆದೆ.

"ಸ್ವಲ್ಪ ಹೊತ್ತು ಮಾತಾಡಬೇಡಿ" ಅಂದರು.

ಅಳೆದರು. ಮತ್ತೊಮ್ಮೆ ಅಳೆದರು. ಬಲತೋಳಿಗೆ ಹಾಕಿ ಅಳೆದರು. ಎರಡು ದಿನ ಬಿಟ್ಟು ಕರೆಸಿ ಮತ್ತೆ ಅಳೆದರು. ಹಾಡು ಅದೇ, ರಾಗವೂ ಅದೇ: ಮೇಲಿನದು ನೂರಾ ಎಪ್ಪತ್ತಾರು, ಕೆಳಗಿನದು ನೂರಾ ಎಂಟು.

"ಯಂತ್ರ ಕೆಟ್ಟಿದೆ ಡಾಕ್ಟರಮ್ಮ."

"ಯಂತ್ರ ಚೆನ್ನಾಗಿದೆ. ನಿಮಗೇ ಬಿಪಿ ಇದೆ."

"ನನಗಾ? ತಲೆನೋವಿಲ್ಲ, ತಲೆ ಸುತ್ತಿಲ್ಲ, ಕಲ್ಲು ತಿಂದು ಕರಗಿಸ್ಕೋತೀನಿ!"

"ಇದು ಬಾಗಿಲು ತಟ್ಟಿ ಬರೋ ನೆಂಟ ಅಲ್ಲ. ಎಷ್ಟೋ ಜನಕ್ಕೆ ಏನೂ ಅನ್ಸೋದೇ ಇಲ್ಲ" ಅಂದ ಅವರು ಮಾತ್ರೆ ಬರೆದರು. "ದಿನಾ ತಪ್ಪದೆ ತಗೊಳ್ಳಿ. ಉಪ್ಪು ಕಮ್ಮಿ ಮಾಡಿ, ನಡೀರಿ. ಒಂದು ತಿಂಗಳು ಕ್ರೇನು ಹತ್ತೋ ಹಾಗಿಲ್ಲ. ಬಿಪಿ ಇಳಿದ್ರೆ ಅನುಮತಿ ಕೊಡ್ತೀನಿ, ಇಳೀದಿದ್ರೆ ಇಲ್ಲ."

"ಒಂದು ತಿಂಗಳಿಗೆ ನನ್ನ ಕೊನೇ ತೊಲೆ ಬರತ್ತೆ!"

"ತೊಲೆ ಬರಲಿ. ನೀವೂ ಬನ್ನಿ."

ಬಿರುಗಾಳಿಗೆ ಕ್ಯಾಬಿನ್ನು ತೊಟ್ಟಿಲಾದಾಗಲೂ ಕಾಲ ಮೇಲೆ ಕಾಲು ಹಾಕಿ ಕೂತವನು ನಾನು. ಅಂಥವನನ್ನು ಒಂದು ಗೇಣು ಬಟ್ಟೆಯ ಪಟ್ಟಿ ನೆಲಕ್ಕೆ ಕೆಡವಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ನನಗೆ ಇಲ್ಲದ ಕಾಯಿಲೆ ಲೋಕದಲ್ಲಿ ಉಳಿಯಲಿಲ್ಲ. ಬೆರಳು ಜುಮ್ಮೆಂದರೆ ಪಾರ್ಶ್ವವಾಯು, ತೇಗು ಬಂದರೆ ಹೃದಯಾಘಾತ. ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ಮೂಗು ಕೂಡ ಒಂದು ಕಡೆ ವಾಲಿದ ಹಾಗೆ ಕಂಡಿತು.

"ಅದು ಹುಟ್ಟಿದಾಗಿಂದ ಹಾಗೇ ಇದೆ ರೀ" ಅಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಅವಳು ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮನುಷ್ಯರನ್ನು ಕಣ್ಣಲ್ಲೇ ಅಳೆದು ಸೊಂಟದ ಸುತ್ತಳತೆ ಹೇಳುತ್ತಾಳೆ. "ಮದುವೆಗೆ ಒಪ್ಪಿಕೊಳ್ಳೋವಾಗಲೇ ನೋಡಿದ್ದೆ."

ನಮ್ಮ ಜೊತೆಗೇ ಇರುವ ಅತ್ತೆ ಚಹಾ ಹೀರುತ್ತಾ ಒಂದು ಮಾತ್ರೆ ಬಾಯಿಗೆಸೆದುಕೊಂಡರು. "ಎಷ್ಟಂತೆ ಅಳಿಯಂದ್ರೇ?"

ಹೇಳಿದೆ.

"ಅಷ್ಟೇನಾ? ನನಗೆ ಮೊದಲ ಸಲ ನೋಡಿದಾಗ ಇನ್ನೂರರ ಮೇಲಿತ್ತು. ನನ್ನ ಬಿಪಿಗೆ ನಿಮ್ಮ ಮದುವೆಗಿಂತ ವಯಸ್ಸು ಜಾಸ್ತಿ. ಅದೂ ಇದೆ, ನಾನೂ ಇದ್ದೀನಿ. ಮಾತ್ರೆ ನುಂಗಿ, ಮಾಡೋ ಕೆಲಸ ನೋಡಿ."

ಯಾವ ವಿಷಯದಲ್ಲೂ ನನ್ನನ್ನು ಯಾರೂ ಹಿಂದೆ ಹಾಕಿದ್ದಿಲ್ಲ. ಅತ್ತೆ ಹಾಕಿದರು. ಆ ನೋವು ಬೇರೆ.

ಮರುದಿನವೇ ಬಿಪಿ ನೋಡುವ ಯಂತ್ರ ಕೊಂಡು ತಂದೆ. ಅಲ್ಲಿಂದ ಶುರುವಾಯಿತು ನೋಡಿ. ಎದ್ದ ಕೂಡಲೇ ಪಟ್ಟಿ, ಚಹಾ ಕುಡಿದರೆ ಪಟ್ಟಿ, ಚಹಾ ಇವತ್ತು ಕುಡಿಯಬಾರದಿತ್ತೇನೋ ಅನ್ನಿಸಿದರೆ ಮತ್ತೆ ಪಟ್ಟಿ. ಅಂಕಿ ನೋಡಿ ಎದೆ ಡವಡವ ಅನ್ನುತ್ತಿತ್ತು, ಎದೆ ಡವಡವ ಅಂದದ್ದಕ್ಕೆ ಅಂಕಿ ಏರುತ್ತಿತ್ತು, ಏರಿದ್ದು ನೋಡಿ ಇನ್ನಷ್ಟು ಡವಡವ. ನಾನೂ ಯಂತ್ರವೂ ಒಬ್ಬರಿಗೊಬ್ಬರು ಏಣಿ ಹಿಡಿದು ಹತ್ತುತ್ತಿದ್ದೆವು. ಇನ್ನೊಂದು ವಾರ ಬಿಟ್ಟಿದ್ದರೆ ಅಂಕಿ ಕ್ರೇನಿನ ತುದಿ ದಾಟಿ ಚಂದ್ರನಿಗೆ ತಾಗುತ್ತಿತ್ತು.

ಕೆಲಸದ ಜಾಗದಲ್ಲಿ ನನ್ನನ್ನು ನೆಲದ ಮೇಲೆ, ಸೀಟಿಯ ಜೊತೆ ಹಾಕಿದ್ದರು. ಸೀಟಿ ಅಂದರೆ ನನ್ನ ಸಿಗ್ನಲ್‌ಮ್ಯಾನು. ವಾಕಿಟಾಕಿ ಬರುವ ಮೊದಲು ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆದೇ ಸೂಚನೆ ಕೊಡುತ್ತಿದ್ದವನು, ಹೆಸರು ಹಾಗೇ ಅಂಟಿಕೊಂಡಿತು. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಸಾಮಾನು ಇಳಿಯುವ ಜಾಗ ಗೋಡೆಯ ಆಚೆ ಇದ್ದು ಮೇಲಿರುವವನಿಗೆ ಕಾಣದಿದ್ದರೆ ಅದನ್ನು ಕುರುಡು ಲಿಫ್ಟು ಅನ್ನುತ್ತೇವೆ. ಆಗ ಕೆಳಗಿರುವವನೇ ಕಣ್ಣು. ಅವನು 'ಇಳಿಸು' ಅಂದರೆ ಇಳಿಸಬೇಕು, 'ನಿಲ್ಲು' ಅಂದರೆ ಲಿವರ್ ಬಿಗಿಹಿಡಿದು ನಿಲ್ಲಬೇಕು. ಕ್ಯಾಬಿನ್ನಿನಿಂದ ಇಣುಕಲೇಬಾರದು. ಇಣುಕಿದವನ ಕೈ ಅಲುಗುತ್ತದೆ, ಮೇಲೆ ಕೈ ಅಲುಗಿದರೆ ಕೆಳಗೆ ತೊಲೆ ಓಲಾಡುತ್ತದೆ.

ಆ ದಿನ ಊಟದ ಬಿಡುವಿನಲ್ಲಿ ಸಿಮೆಂಟ್ ಚೀಲಗಳ ಹಿಂದೆ ಕೂತು ಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಸೀಟಿ ಬಂದು ಮುಂದೆ ನಿಂತ.

"ಏನು ಗುರುವೇ, ಚೀಲದ ಸಂದಿಯಲ್ಲಿ ಬಳೆ ತೊಡ್ಕೋತಾ ಇದ್ದೀಯಾ?"

"ಸುಮ್ನಿರೋ. ಬೆಳಿಗ್ಗೆ ನೂರಾ ಎಪ್ಪತ್ತಿತ್ತು. ಈಗ ನೋಡ್ಬೇಕು."

"ಬೆಳಿಗ್ಗೆಯಿಂದ ಇದು ಎಷ್ಟನೇ ಸಲ?"

ನಾನು ಯಂತ್ರದ ಗುಂಡಿ ಒತ್ತಿದೆ. ಅವನು ನಗು ನಿಲ್ಲಿಸಿ ಪಕ್ಕದಲ್ಲಿ ಕೂತ.

"ಒಂದು ಮಾತು ಕೇಳ್ತೀನಿ. ಕುರುಡು ಲಿಫ್ಟಲ್ಲಿ ನೀನು ಯಾವತ್ತಾದ್ರೂ ಇಣುಕಿದ್ದೀಯಾ?"

"ನಾನಾ? ಇಣುಕಿದ್ರೆ ನನ್ನ ಕುತ್ತಿಗೆ ಕತ್ತರಿಸು!"

"ಮತ್ತೆ ಈಗ ಏನು ಮಾಡ್ತಿದ್ದೀಯ? ಉಸಿರಿಗೊಂದು ಸಲ ಕ್ಯಾಬಿನ್ನಿಂದ ತಲೆ ಹೊರಗೆ ಹಾಕ್ತಾ ಇದ್ದೀಯಲ್ಲ, ತೊಲೆ ಓಲಾಡದೆ ಏನು ಮಾಡತ್ತೆ?"

ನಾನು ತೋಳಿನ ಪಟ್ಟಿಯನ್ನೇ ನೋಡಿದೆ.

"ನೋಡೋದಕ್ಕೆ ಬೇರೆಯವರನ್ನ ನಿಲ್ಲಿಸು ಗುರುವೇ. ಕೈ ನಿಂದು, ಲಿವರ್ ನಿಂದು. ಕಣ್ಣು ನಿಂದಲ್ಲ" ಅಂದು ಎದ್ದು ಹೋದ. ಹೋಗುವಾಗ ಬೆರಳು ಬಾಯಿಗಿಟ್ಟು ಹೊಡೆದ ಸೀಟಿಗೆ ಚೀಲದ ಮೇಲಿನ ಗುಬ್ಬಿಗಳೆಲ್ಲ ಊರು ಬಿಟ್ಟವು.

ಆ ಕ್ಷಣವೇ ಪಟ್ಟಿ ಬಿಚ್ಚಿದೆ. ಆ ತೊಲೆ ನನ್ನದು. ಅದನ್ನು ನಾನೇ ಕೂರಿಸಬೇಕು, ಇನ್ನೊಬ್ಬನ ಕೈಗೆ ಬಿಡುವುದಿಲ್ಲ. ಸಂಜೆ ಮನೆಗೆ ಹೋದವನೇ ಯಂತ್ರವನ್ನು ಹೆಂಡತಿಯ ಕತ್ತರಿಯ ಪಕ್ಕ ಇಟ್ಟೆ.

"ಇನ್ಮೇಲೆ ನೀನೇ ನನ್ನ ಸಿಗ್ನಲ್ಲು. ಡಾಕ್ಟರಮ್ಮನ್ನ ಕೇಳಿ ಯಾವಾಗ ನೋಡ್ಬೇಕೋ ಆಗ ಮಾತ್ರ ನೋಡು. ಅಂಕಿ ನನಗೆ ಹೇಳ್ಬೇಡ. ಇಳೀತಿದ್ರೆ 'ಇಳಿಸು' ಅನ್ನು, ನಿಂತಿದ್ರೆ 'ನಿಲ್ಲು' ಅನ್ನು. ಸುಳ್ಳು ಮಾತ್ರ ಹೇಳಬಾರದು. ಸುಳ್ಳು ಸಿಗ್ನಲ್ಲು ಕೊಟ್ರೆ ತೊಲೆ ತಲೆ ಮೇಲೆ ಬೀಳತ್ತೆ."

ಅವಳು ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. "ಅಂದ್ರೆ ನಾನು ಹೇಳಿದ್ದು ನೀವು ಕೇಳ್ಬೇಕು?"

"ಹೂಂ."

"ಅಮ್ಮಾ!" ಅಂತ ಒಳಕ್ಕೆ ಕೂಗಿದಳು, "ಬಾ ಇಲ್ಲಿ, ನೀನೇ ಸಾಕ್ಷಿ!"

ಯಾವ ಸೇನಾಪತಿಗೂ ಅಷ್ಟು ಬೇಗ ಅಧಿಕಾರ ಮೈಗೆ ಹತ್ತಿರಲಾರದು. ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಸಲ, ಕಟ್ಟಿಂಗ್ ಮಾಡುವ ಮೇಜಿನ ಪಕ್ಕ ಆಜ್ಞೆಗಳ ಸುರಿಮಳೆ. "ಬೆನ್ನು ಒರಗಿಸಿ. ಕಾಲು ನೆಲಕ್ಕೆ. ಕಾಲ ಮೇಲೆ ಕಾಲು ತೆಗೀರಿ, ಇದು ನಿಮ್ಮ ಕ್ಯಾಬಿನ್ನಲ್ಲ. ಕೈ ಮೇಜಿನ ಮೇಲೆ. ಬಾಯಿ ಮುಚ್ಚಿ."

"ಬಾಯಿ ಮುಚ್ಚಿ ಅಂತ ಡಾಕ್ಟರಮ್ಮ ಹೇಳಿದ್ರಾ, ನೀನು ಸೇರಿಸಿದ್ಯಾ?"

"ಡಾಕ್ಟರಮ್ಮನೇ ಹೇಳಿದ್ದು. ಮಾತಾಡಿದ್ರೆ ಏರತ್ತಂತೆ. ಐದು ನಿಮಿಷ."

ಐದು ನಿಮಿಷ! ನಾನು ಹುಟ್ಟುವಾಗಲೂ ಮಾತಾಡಿಕೊಂಡೇ ಬಂದವನು. ಮೊದಲ ದಿನ ಆ ಐದು ನಿಮಿಷದಲ್ಲಿ ಮೂರು ಋತು ಕಳೆದವು, ನನ್ನ ಗಡ್ಡ ಬೆಳೆದು ಮೊಣಕಾಲು ಮುಟ್ಟಿತು. ಆದರೆ ಬಾಯಿ ತೆರೆಯಲಿಲ್ಲ. ಹಟ ಅಂದರೆ ಹಟ. ಕಿಟಕಿಯಾಚೆ ಮನೆ ಚಾವಣಿಗಳ ಮೇಲೆ ನಮ್ಮ ಕ್ರೇನಿನ ಹಳದಿ ಕೈ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕೂತೆ.

"ಇಳಿಸಿ" ಅಂದಳು.

ಅಷ್ಟೆ. ಇಳಿಸುವುದು ನನಗೆ ಗೊತ್ತಿತ್ತು. ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಉಪ್ಪಿನಕಾಯಿ ಭರಣಿಯನ್ನು ಅತ್ತೆಯ ಕೈಗೆ ಕೊಟ್ಟು "ಇದನ್ನ ನನಗೆ ಸಿಗದ ಕಡೆ ಬಚ್ಚಿಡಿ" ಅಂದೆ. ಅವರು ಎಷ್ಟು ಚೆನ್ನಾಗಿ ಬಚ್ಚಿಟ್ಟರೆಂದರೆ ಆಮೇಲೆ ಅವರಿಗೂ ಸಿಗಲಿಲ್ಲ. ಉಪ್ಪು ಕಮ್ಮಿಯಾದ ಸಾರು ಪಾತ್ರೆ ತೊಳೆದ ನೀರಿನ ಹಾಗಿತ್ತು. ಅದನ್ನೇ ಕುಡಿದು "ಅಮೃತ" ಅಂದೆ. ಕೆಲಸಕ್ಕೆ ನಡೆದೇ ಹೋದೆ, ನಡೆದೇ ಬಂದೆ. ಬೀದಿಯ ನಾಯಿಗಳು ಮೊದಲ ವಾರ ಬೊಗಳಿದವು, ಎರಡನೇ ವಾರ ಜೊತೆಗೆ ಬಂದವು, ಮೂರನೇ ವಾರ ನನ್ನ ವೇಗ ತಡೆಯಲಾರದೆ ಸುಸ್ತಾಗಿ ಕೂತವು.

ಆ ಮೂರನೇ ವಾರದಲ್ಲೇ ಒಂದು ಬೆಳಿಗ್ಗೆ ಅವಳು "ನಿಲ್ಲಿ" ಅಂದಳು. ಸಂಜೆಯೂ "ನಿಲ್ಲಿ". ಮರುದಿನವೂ ಅದೇ.

ಹಳೆಯ ಭಯ ಮತ್ತೆ ಎದ್ದು ಕೂತಿತು. ಇಳಿಯುತ್ತಿಲ್ಲ, ಇನ್ನು ಇಳಿಯುವುದೂ ಇಲ್ಲ, ತೊಲೆ ಹೋಯಿತು, ಕ್ರೇನು ಹೋಯಿತು, ನಾನೇ ಹೋದೆ ಅಂತ. ಯಂತ್ರ ಮೇಜಿನ ಮೇಲೇ ಇತ್ತು, ಅಂಕಿ ಇನ್ನೂ ಹೊಳೆಯುತ್ತಿತ್ತು. ಕತ್ತು ಒಂದಿಷ್ಟು ತಿರುಗಿಸಿದರೆ ಸಾಕಿತ್ತು. ಕತ್ತಿನ ನರ ಹಗ್ಗದ ಹಾಗೆ ಬಿಗಿಯಿತು.

"ರೀ" ಅಂದಳು ಮೆಲ್ಲಗೆ, "ಇಣುಕಬೇಡಿ."

ಇಣುಕಲಿಲ್ಲ. ಬೆಟ್ಟ ಎತ್ತುವುದು ಸುಲಭ, ಆ ಕತ್ತು ತಿರುಗಿಸದೆ ಇರುವುದು ಕಷ್ಟ. ಇದರಲ್ಲಿ ಮಾತ್ರ ನಾನು ಒಂದು ಎಳ್ಳಿನಷ್ಟೂ ಸೇರಿಸಿ ಹೇಳುತ್ತಿಲ್ಲ.

"ಹಾಗಾದ್ರೆ ಡಾಕ್ಟರಮ್ಮನ ಹತ್ರ ಹೋಗೋಣ. ನಿಂತ ತೊಲೆನ ಗುದ್ದಿ ಇಳಿಸೋಕಾಗಲ್ಲ" ಅಂದೆ.

ಹೋದೆವು. ಡಾಕ್ಟರಮ್ಮ ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಇನ್ನೊಂದು ಮಾತ್ರೆ ಸೇರಿಸಿದರು. "ಒಂದೇ ಮಾತ್ರೆ ಎಲ್ಲರಿಗೂ ಸಾಲಲ್ಲ, ಇದೇನು ನಿಮ್ಮ ಸೋಲಲ್ಲ" ಅಂದರು. ಮುಂದಿನ ವಾರದ ಕೊನೆಗೆ ಮೇಜಿನ ಪಕ್ಕದಲ್ಲಿ ಮತ್ತೆ ಕೇಳಿಸಿತು: "ಇಳಿಸಿ."

ತಿಂಗಳು ತುಂಬಿದ ದಿನ ಆಸ್ಪತ್ರೆಯಲ್ಲಿ ಪಟ್ಟಿ ತೋಳಿಗೆ ಬಂದ ಕೂಡಲೇ ಎದೆ ತಮಟೆಯಾಯಿತು. ಡಾಕ್ಟರಮ್ಮ ನೋಡಿ ಹುಬ್ಬು ಗಂಟಿಕ್ಕಿದರು. "ಸ್ವಲ್ಪ ಜಾಸ್ತಿ ಇದೆಯಲ್ಲ."

"ಒಂದು ನಿಮಿಷ ತಾಳಿ ಡಾಕ್ಟರಮ್ಮ" ಅಂದಳು ನನ್ನ ಹೆಂಡತಿ. ನನ್ನ ಹಿಂದೆ ಬಂದು ನಿಂತಳು. "ರೀ. ಬೆನ್ನು ಒರಗಿಸಿ. ಕಾಲು ನೆಲಕ್ಕೆ. ಬಾಯಿ ಮುಚ್ಚಿ."

ಡಾಕ್ಟರಮ್ಮ ಯಂತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಅವಳ ಆಜ್ಞೆಗೆ ತಾವೂ ಬಾಯಿ ಮುಚ್ಚಿ ಕೂತರು. ಐದು ನಿಮಿಷ ಆ ಕೋಣೆಯಲ್ಲಿ ಗೋಡೆ ಗಡಿಯಾರ ಕೂಡ ಉಸಿರು ಬಿಗಿಹಿಡಿಯಿತು. ಆಮೇಲೆ ಎರಡು ಸಲ ಅಳೆದರು, ಹೆಂಡತಿಯ ಕಡೆ ಮುಖ ಮಾಡಿ ಸರಿ ಅಂತ ತಲೆಯಾಡಿಸಿ ಅನುಮತಿ ಚೀಟಿ ಬರೆದರು.

"ಕೂತಿತು ರೀ" ಅಂದಳು ಅವಳು.

ತೊಲೆ ಎತ್ತುವ ದಿನ ಕ್ರೇನಿನ ಬುಡದಲ್ಲಿ ಸೀಟಿ ಕಾಯುತ್ತಿದ್ದ. "ಮಾತ್ರೆ ನುಂಗಿದ್ಯಾ?"

"ನುಂಗಿದೆ ಕಣೋ, ನಮ್ಮತ್ತೆ ಹಾಗೆ ನೀನೂ ಶುರು ಮಾಡಿದ್ಯಾ?"

ಮೊದಲಾದರೆ ಒಂದೇ ಉಸಿರಿಗೆ ತುದಿ ಸೇರುತ್ತಿದ್ದೆ. ಈ ಸಲ ಒಂದೊಂದು ಅಟ್ಟಣಿಗೆಯಲ್ಲೂ ನಿಂತು, ಉಸಿರು ಮಟ್ಟಕ್ಕೆ ಬರುವ ತನಕ ಊರು ನೋಡಿಕೊಂಡು ಹತ್ತಿದೆ. ಕ್ಯಾಬಿನ್ನಿನಲ್ಲಿ ಕೂತು ಬೆನ್ನು ಒರಗಿಸಿದೆ, ಪಾದ ಎರಡೂ ನೆಲಕ್ಕಿಟ್ಟೆ. ಕುರ್ಚಿ ನನ್ನನ್ನು ಮರೆತಿರಲಿಲ್ಲ. ಅದೊಂದು ಸಂತೋಷಕ್ಕೆ ಅಲ್ಲೇ ಕುಣಿಯಬಹುದಿತ್ತು, ಕುಣಿದರೆ ಕ್ರೇನು ಅಲುಗೀತು ಅಂತ ಬಿಟ್ಟೆ.

ತೊಲೆ ಮೇಲೆದ್ದಿತು. ಎತ್ತರದ ಗೋಡೆ ದಾಟಿ ಆಚೆ ಹೋದ ಮೇಲೆ ನನ್ನ ಕಣ್ಣಿಗೆ ಕಂಡದ್ದು ಬಿಗಿದ ಉಕ್ಕಿನ ಹಗ್ಗ, ಅದರ ಹಿಂದೆ ಬೋಳು ಆಕಾಶ. ವಾಕಿಟಾಕಿಯಲ್ಲಿ ಸೀಟಿಯ ದನಿ: "ಇಳಿಸು... ಇಳಿಸು... ನಿಲ್ಲು."

ನಿಂತೆ. ಗಾಳಿ ಬೀಸಿತು. ಎಷ್ಟು ಹೊತ್ತೋ. ನಾನು ಕೇಳಲಿಲ್ಲ, ಇಣುಕಲಿಲ್ಲ, ಕೈ ಲಿವರ್ ಮೇಲಿತ್ತು, ಬಾಯಿ ಮುಚ್ಚಿತ್ತು.

"ಈಗ ಹಗುರಕ್ಕೆ... ಇನ್ನೂ ಹಗುರಕ್ಕೆ... ಕೂತಿತು ಗುರುವೇ!"

ಕೆಳಗಿಳಿದ ಮೇಲೆ ಮುಚ್ಚಿದ್ದ ಬಾಯನ್ನು ತೆರೆದೆ. ಆ ತೊಲೆ ಎಷ್ಟು ಮೆತ್ತಗೆ ಕೂತಿತೆಂದರೆ ಅದರ ಮೇಲಿದ್ದ ಚಿಟ್ಟೆಗೆ ಪ್ರಯಾಣ ಮಾಡಿದ್ದೇ ಗೊತ್ತಾಗಲಿಲ್ಲ, ಬೇಕಾದರೆ ಚಿಟ್ಟೆಯನ್ನು ಕೇಳಿ. ಬೆಕ್ಕಿನ ಕಥೆಗೆ ಅವತ್ತಿನಿಂದ ಜೊತೆ ಸಿಕ್ಕಿತು.

ಸಂಜೆ ಮನೆಗೆ ಹೋಗಿ ಕಟ್ಟಿಂಗ್ ಮೇಜಿನ ಪಕ್ಕ ಕೂತು ನಾನಾಗಿಯೇ ತೋಳು ಚಾಚಿದೆ. ನನ್ನ ಬಿಪಿ ಈಗ ಎಷ್ಟು ಅಂತ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ, ಹೆಂಡತಿಯನ್ನು ಕೇಳಬೇಕು. ಅತ್ತೆ ಕೇಳಿದಾಗ ಮಾತ್ರ ಮೊದಲ ಸಲದ್ದು ಇನ್ನೂರ ಐವತ್ತಿತ್ತು ಅಂತಲೇ ಹೇಳುತ್ತೇನೆ.