ಮಾವನ ಕನ್ನಡಕ

ತಮ್ಮದೇ ಹೋಟೆಲಿನಿಂದ ಬಂದ ಕಾಫಿಯನ್ನು ತುಂಗಾ ಲೋಟಗಳಿಗೆ ಬಗ್ಗಿಸುತ್ತಿದ್ದಳು. ಹೆಣ ಹೋಗುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಲ್‌ನಲ್ಲಿ, ಬಾಡಿಗೆಯ ಫ್ರೀಜರ್ ಪೆಟ್ಟಿಗೆಯೊಳಗೆ ಅವಳ ಮಾವ ಐತಪ್ಪ ತಣ್ಣಗೆ ಮಲಗಿದ್ದರು.

"ಸಕ್ಕರೆ ಕಡಿಮೆ ಆಯ್ತು ತುಂಗಕ್ಕ," ಎಂದು ಹಳೆಯ ಸಪ್ಲೈಯರ್ ಗುಂಡಣ್ಣ ಕಣ್ಣೊರೆಸಿಕೊಂಡ. "ಧಣಿ ಇದ್ದಿದ್ರೆ ವಾಪಸ್ ಕಳಿಸ್ತಿದ್ರು."

ಗಂಡ ಸುಕೇಶ್ ಹತ್ತಿರ ಬಂದು ಪಿಸುಗುಟ್ಟಿದ. "ವೀಕ್ಷಾಳ ಇವತ್ತಿನ ಟೆಸ್ಟು ಕ್ಯಾನ್ಸಲ್ ಮಾಡಿದೆ. ಅಪ್ಪನೇ ತಪ್ಪಿಸಿಕೊಟ್ರು ನೋಡು. ಇನ್ನು ಆ ಸುದ್ದಿ ಬೇಡ. ಸೋಮಾರಿತನಕ್ಕೆ ಎಂತ ಟೆಸ್ಟು? ದೊಡ್ಡವಳಾದ್ರೆ ಸರಿಯಾಗ್ತದೆ."

ಎರಡನೇ ಕ್ಲಾಸಿನ ಮಗಳು ವೀಕ್ಷಾ ಚುರುಕೇ. ಓದು ಮಾತ್ರ ಹತ್ತುತ್ತಿರಲಿಲ್ಲ. ಅಕ್ಷರಗಳು ಕಲಸಿಹೋಗುವ ಡಿಸ್ಲೆಕ್ಸಿಯಾ ಇರಬಹುದು, ಟೆಸ್ಟು ಮಾಡಿಸಿ, ಬೇಗ ತಿಳಿದಷ್ಟೂ ಮಗುವಿಗೆ ಸುಲಭ ಎಂದಿದ್ದರು ಟೀಚರು. ತುಂಗಾ ಲೋಟಗಳನ್ನು ಹಾಲ್‌ಗೆ ಒಯ್ದಳು.

ಅಲ್ಲಿ ಮದ್ರಾಸಿನ ಗಿಂಡಿಯಲ್ಲಿ ಮಾವ ಕಟ್ಟಿದ ಹೋಟೆಲಿನ ಗುಣಗಾನ ನಡೆದಿತ್ತು. ಐತಪ್ಪ ಮೆನು ಕಾರ್ಡ್ ಇಟ್ಟವರಲ್ಲ, ಆರ್ಡರ್ ಬರೆಯಲು ಬಿಟ್ಟವರೂ ಅಲ್ಲ. ಎಲ್ಲವೂ ಕೂಗಿಯೇ.

"ಬರೆಯುವಷ್ಟರಲ್ಲಿ ದೋಸೆ ತಣೀತದೆ ಅಂತಿದ್ರು," ಎಂದ ಗುಂಡಣ್ಣ.

"ಅದು ಪರಂಪರೆ ಕಣಯ್ಯಾ!" ಎಂದರು ಆಡಿಟರ್ ಬದರಿನಾಥ. "ನಾನು ಟ್ಯಾಕ್ಸಿನ ಕಾಗದ ತಂದ್ರೆ, 'ಸ್ವಾಮೀ, ನೀವೇ ಓದಿ, ನಿಮ್ಮ ಬಾಯಲ್ಲಿ ಕೇಳ್ಲಿಕ್ಕೆ ಚಂದ' ಅಂತಿದ್ದರು. ಎಂಥ ವಿನಯ!"

*

ಹೋದ ತಿಂಗಳು ಪುಸ್ತಕದ ಮುಂದೆ ಅಳುತ್ತ ಕೂತಿದ್ದ ವೀಕ್ಷಾಳ ಮೇಲೆ ತುಂಗಾ ಸೌಟು ಎತ್ತಿದ್ದಳು. ಮಾವ ಕೈ ಹಿಡಿದರು.

"ಹೊಡೀಬೇಡ ಮಗಾ. ನನ್ನ ಅಪ್ಪ ಕೋಲಿನ ಮೇಲೆ ಕೋಲು ಮುರಿದ್ರು. ಅಕ್ಷರ ಬರ್ಲಿಲ್ಲ, ಮದ್ರಾಸಿನ ಬಸ್ಸು ಬಂತು."

ಎಲ್ಲರೂ ನಕ್ಕರು, ಅವರೇ ಹೆಚ್ಚು. ಆಮೇಲೆ ಮೊಮ್ಮಗಳ ಕಡೆ ಬಾಗಿದರು. "ಓದಿದ ಸಾಲೇ ಮತ್ತೆ ಎದುರು ಬರ್ತದಲ್ವಾ?"

"ತಾತಾ, ಎಪ್ಪಡಿ ತೆರಿಯುಂ?" ಹೇಗೆ ಗೊತ್ತೆಂದು ಮಗು ತಮಿಳಿನಲ್ಲೇ ಬೆರಗಾಯಿತು.

"ಕನ್ನಡಕ ಹಾಕಿದ್ದೇನಲ್ಲ ಮಾರಾಯ್ತಿ, ಎಲ್ಲ ಕಾಣ್ತದೆ."

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ತುಂಗಾ ಓಡಿದ್ದಳು.

*

ವ್ಯಾನು ಬಂದು ಹಾರ್ನ್ ಹೊಡೆಯಿತು. ಗುಂಡಣ್ಣ ತಡೆದ. "ಧಣಿಯ ಕನ್ನಡಕ ಎಲ್ಲಿ? ಹಾಕಿಯೇ ಕಳಿಸ್ಬೇಕು. ಅಲ್ಲಿ ಯಮ ಎಂತದಾದ್ರೂ ಓದ್ಲಿಕ್ಕೆ ಕೊಟ್ರೆ?"

ತುಂಗಾ ಮಾವನ ಕೋಣೆಗೆ ಹೋದಳು. ವೀಕ್ಷಾ ಆ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು.

"ತೆಗಿ, ಕಣ್ಣು ನೋಯ್ತದೆ."

"ಇಲ್ಲಮ್ಮಾ, ಇದ್ರಲ್ಲಿ ಪವರೇ ಇಲ್ಲ. ಜನ್ನಲ್ ಮಾದಿರಿ."

ತುಂಗಾ ಹಾಕಿ ನೋಡಿದಳು. ಗೋಡೆಯ ಕ್ಯಾಲೆಂಡರು, ಮಗಳ ಮುಖ, ಎಲ್ಲ ಇದ್ದಂತೆಯೇ ಇತ್ತು. ಕಿಟಕಿಯ ಗಾಜು! ಕಣ್ಣುರಿ, ಹೊಸ ಕನ್ನಡಕ ಒಗ್ಗಿಲ್ಲ ಎಂದು ದಿನಾ ಬೆಳಿಗ್ಗೆ ಅವಳಿಂದ ಪೇಪರು ಓದಿಸಿಕೊಂಡ ಮುದುಕ! ಉಕ್ಕಿದ ನಗುವನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಳು. ಅದು ಅಲ್ಲೇ ಅಳುವಾಯಿತು. ಮುಂದೆ ಕೂತ ಮಗಳೂ ಈಗಾಗಲೇ "ತಲೆನೋವು, ನೀನೇ ಓದಮ್ಮಾ" ಎನ್ನಲು ಕಲಿತಿದ್ದಳು.

"ಸಿಕ್ಕಿತಾ?" ಸುಕೇಶ್ ಕೂಗಿದ.

ತುಂಗಾ ಕನ್ನಡಕವನ್ನು ತನ್ನ ಕೈಚೀಲದೊಳಗೆ ಇಳಿಸಿ ಜಿಪ್ ಎಳೆದಳು. ಸೋಮವಾರ, ಸೂತಕವಿದ್ದರೆ ಇರಲಿ, ಚೀಲವೂ ಮಗಳೂ ಅವಳ ಜೊತೆ ಆ ಟೆಸ್ಟಿಗೆ ಹೊರಡುವುದಿತ್ತು.

"ಇಲ್ಲ," ಎಂದಳು. "ಎಲ್ಲೂ ಕಾಣ್ತಾ ಇಲ್ಲ."

ಹಾಗೆಯೇ ಎತ್ತಿದರು. ಕನ್ನಡಕವಿಲ್ಲದ ಐತಪ್ಪ, ಇವತ್ತು ಶಾಲೆಗೆ ರಜೆ ಎಂದು ಈಗಷ್ಟೇ ಕೇಳಿದ ಹುಡುಗನಂತೆ ಕಂಡರು.