ಅದುಮದೆ ತುಂಬಿದ ಕಪ್

ನಾನು ಒಂದು ಅಳತೆಯ ಕಪ್. ಅಲ್ಯೂಮಿನಿಯಂ ಮೈ, ಗಿಡ್ಡ ಹಿಡಿ, ಒಳಗೋಡೆಯಲ್ಲಿ ಅರ್ಧ, ಕಾಲು ಎಂಬ ಗೆರೆಗಳು. ಮದರಾಸಿನ ಕಾರ್ಖಾನೆಯೊಂದರಲ್ಲಿ ತಗಡನ್ನು ಅಚ್ಚಿಗೊತ್ತಿ ನನ್ನನ್ನು ಮಾಡಿದರು. ಅಲ್ಲಿಂದ ರೈಲಿನಲ್ಲಿ ಕೋಲಾರದ ಚಿನ್ನದ ಗಣಿಯ ಊರಿಗೆ, ಒಬ್ಬ ಅಧಿಕಾರಿಯ ಬಂಗಲೆಗೆ ಬಂದೆ.

ಅಲ್ಲಿ ಅಡುಗೆಯವಳು ಫಿಲೋಮಿನಾ. ಗಣಿ ಮುಚ್ಚಿ ಅಧಿಕಾರಿಯ ಸಂಸಾರ ಊರು ಬಿಟ್ಟಾಗ ಮನೆಯೊಡತಿ ನನ್ನನ್ನು ಅವಳಿಗೆ ಕೊಟ್ಟು ಹೋದರು. ಹಾಗೆ ನಾನು ಕಾರ್ಮಿಕರ ಸಾಲುಮನೆ ಸೇರಿದೆ. ಅಲ್ಲಿ ಅವಳ ಜೊತೆ ಇದ್ದವರು ಇಬ್ಬರು: ಗಣಿಯಲ್ಲಿ ಫಿಟ್ಟರ್ ಆಗಿದ್ದ ಗಂಡ ಅಮಲದಾಸ್, ಮತ್ತು ಅವಳ ತಾಯಿ ಸವರಿಯಮ್ಮ. ಮುದುಕಿಗೆ ಹಲ್ಲಿರಲಿಲ್ಲ. ಭಾನುವಾರ ಮಗಳು ಮೆತ್ತಗೆ ಬೇಯಿಸಿದ ಕೊಳವೆ ಶ್ಯಾವಿಗೆಗೆ ಚೀಸ್ ಬೆರೆಸಿ ಮಾಡುವ ಮ್ಯಾಕರೋನಿ ಎಂದರೆ ಪ್ರಾಣ. ಫಿಲೋಮಿನಾ ಚೀಸ್ ತುರಿದು, ನನ್ನಲ್ಲಿ ತುಂಬಿ, ಎರಡು ಸಲ ಸುರಿಯುತ್ತಿದ್ದಳು.

ಒಂದು ಚಳಿಗಾಲ ಅವಳು ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಸವರಿಯಮ್ಮ ಮಾತು ಬಿಟ್ಟಳು. ಊಟವನ್ನೂ ಬಿಟ್ಟಳು ಎನ್ನಬೇಕು. ಗಂಜಿ ಇಟ್ಟರೆ ಎರಡು ಗುಟುಕು, ಅಷ್ಟೆ. ಅಳಿಯ ತಟ್ಟೆ ಹಿಡಿದು ಎದುರಿಗೆ ಕುಳಿತೇ ಇರುತ್ತಿದ್ದ. ಆ ಮನೆಯಲ್ಲಿ ನನ್ನನ್ನು ಮುಟ್ಟುವವರೇ ಇರಲಿಲ್ಲ.

ಒಂದು ಭಾನುವಾರ ಅವನು ನನ್ನನ್ನು ಗೋಡೆಯ ಮೊಳೆಯಿಂದ ಇಳಿಸಿದ. ಹೆಂಡತಿ ಎರಡು ಕಪ್ ಎನ್ನುತ್ತಿದ್ದುದು ಅವನಿಗೆ ನೆನಪಿತ್ತು. ಆದರೆ ಅಂಗಡಿಯಲ್ಲಿ ಚೀಸ್ ಸಿಗುವುದು ಗ್ರಾಂ ಲೆಕ್ಕದಲ್ಲಿ. ನನ್ನಲ್ಲಿ ನೀರು ತುಂಬಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ. ಎರಡು ಕಪ್ ನೀರು ಅರ್ಧ ಕಿಲೋ ಹತ್ತಿರ ಬಂತು. ಅರ್ಧ ಕಿಲೋ ಚೀಸ್ ತಂದು ಮ್ಯಾಕರೋನಿಗೆ ಹಾಕಿ ಬೇಯಿಸಿದ. ಎಣ್ಣೆ ಬಿಟ್ಟುಕೊಂಡು ಮುದ್ದೆಯಾಯಿತು. ಮುದುಕಿ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.

ಮರುವಾರ ಅವನು ಚೀಸ್ ತುರಿದು, ನನ್ನೊಳಗೆ ಹಾಕಿ, ಫಿಟ್ಟರನ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತತೊಡಗಿದ. ಆಗ ಬಾಗಿಲ ಬಳಿಯಿಂದ ದನಿ ಬಂತು.

"ಅದುಮಬೇಡಪ್ಪಾ. ಅವಳು ಅದುಮ್ತಿರಲಿಲ್ಲ."

ಅವನ ಕೈ ನಿಂತಿತು. ಸವರಿಯಮ್ಮ ಗೋಡೆ ಹಿಡಿದುಕೊಂಡು ಬಂದು, ನನ್ನನ್ನು ಬೋರಲು ಹಾಕಿ, ತುರಿಯನ್ನು ಬೆರಳ ತುದಿಯಿಂದ ಬಿಡಿಸಿ, ಮತ್ತೆ ನನ್ನಲ್ಲಿ ಉದುರಿಸಿದಳು. ಅರ್ಧ ತುರಿ ಹೊರಗೇ ಉಳಿಯಿತು. ಅವನು ನನ್ನಲ್ಲಿದ್ದ ತುರಿಯನ್ನು ಪಕ್ಕದ ಮನೆಯ ತಕ್ಕಡಿಯಲ್ಲಿ ತೂಗಿ ಬಂದ. ಸಡಿಲವಾಗಿ ತುಂಬಿದರೆ ಕಪ್ಪಿಗೆ ಸುಮಾರು ನೂರು ಗ್ರಾಂ. ಹಾಗಾದರೆ ಎರಡು ಕಪ್ಪಿಗೆ ಇನ್ನೂರು.

ಆ ದಿನ ಮುದುಕಿ ತಟ್ಟೆ ಖಾಲಿ ಮಾಡಿದಳು. "ಸ್ವಲ್ಪ ಮೆಣಸು ಕಮ್ಮಿ," ಎಂದಳು. ಅವನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆಮೇಲೆ ಪ್ರತಿ ಭಾನುವಾರ ಇನ್ನೂರು ಗ್ರಾಂ ಪೊಟ್ಟಣ ಬರುತ್ತಿತ್ತು. ತುರಿದು ನೇರವಾಗಿ ಪಾತ್ರೆಗೆ. ನನ್ನ ಅಗತ್ಯ ಬೀಳಲಿಲ್ಲ. ಮೊಳೆಯ ಮೇಲೆ ತೂಗುತ್ತ ಅವರಿಬ್ಬರ ಮಾತು ಕೇಳುತ್ತಿದ್ದೆ. ದುಃಖವೇನೂ ಇರಲಿಲ್ಲ, ಒಂಟಿತನವಿತ್ತು.

ಕೆಲವು ಮಳೆಗಾಲಗಳ ನಂತರ ಸವರಿಯಮ್ಮನೂ ಹೋದಳು. ಅದಾದ ಮೊದಲ ಭಾನುವಾರ ಅಮಲದಾಸ್ ಅಭ್ಯಾಸಬಲದಿಂದ ಪೊಟ್ಟಣ ತಂದ. ಕತ್ತರಿಸಿ, ಕೈಯಲ್ಲಿ ಹಿಡಿದು ನಿಂತ. ಆಮೇಲೆ ನನ್ನನ್ನು ಇಳಿಸಿ, ಧೂಳು ಒರೆಸಿ, ಚೀಸ್ ತುರಿದು ನನ್ನಲ್ಲಿ ಉದುರಿಸಿದ. ಅರ್ಧದ ಗೆರೆಗೆ ನಿಲ್ಲಿಸಿ ನೋಡಿದ. ಹೆಚ್ಚೆನಿಸಿತೇನೋ, ತೆಗೆದ. ಕಡಿಮೆಯೆನಿಸಿತೇನೋ, ಮತ್ತೆ ಹಾಕಿದ. ಒಬ್ಬನಿಗೆ ಎಷ್ಟು ಎಂದು ಅವನಿಗೆ ಹೇಳಿಕೊಟ್ಟವರಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಒಲೆ ಹಚ್ಚದೆ, ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಆ ತುರಿಯನ್ನು ಚಿಟಿಕೆ ಚಿಟಿಕೆಯಾಗಿ ತಿಂದ.