ಅಜ್ಜಿ ತಂಪುಮನೆಗೆ ಯಾಕೆ ಹೋಗಲಿಲ್ಲ?

ಆ ಬೀದಿಯ ಮನೆಗಳಿಗೆಲ್ಲ ತಗಡಿನ ಸೂರು. ಬೇಸಿಗೆ ಬಂತೆಂದರೆ ಒಳಗೆ ಕೂರುವಂತಿಲ್ಲ, ಹೊರಗೆ ನಿಲ್ಲುವಂತಿಲ್ಲ. ಮೊದಲೂ ಬಿಸಿಲಿತ್ತು. ಆದರೆ ಹೊತ್ತು ಮುಳುಗಿದ ಮೇಲೆ ಒಂದಿಷ್ಟು ಗಾಳಿ ಬೀಸಿ ಜೀವಕ್ಕೆ ಹಾಯೆನಿಸುತ್ತಿತ್ತು. ಈಚೆಗೆ ಅದೂ ಇಲ್ಲ. ಬೆಳಗಾಗುವಾಗಲೂ ಗೋಡೆ ಮುಟ್ಟಿದರೆ ಬಿಸಿ.

ಬೀದಿಯ ತಿರುವಿನಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವನೊಬ್ಬನ ಮನೆಯಿತ್ತು. ಎಲ್ಲರೂ ಅವನನ್ನು ಇಸ್ತ್ರಿಯಣ್ಣ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವನ ಮೇಜು. ಹಿಂದಿನ ಕೋಣೆಯಲ್ಲಿ ಅಡುಗೆ, ಹಾಸಿಗೆ, ಹೆಂಡತಿ, ವಯಸ್ಸಾದ ತಾಯಿ. ತಾಯಿಗೆ ಮಂಡಿನೋವು, ಆದರೆ ನಾಲಿಗೆಗೆ ಮುಪ್ಪು ಬಂದಿರಲಿಲ್ಲ.

"ನೀನು ಊರವರ ಬಟ್ಟೆಗೆ ಇಸ್ತ್ರಿ ಹಾಕ್ತೀಯ. ಈ ಸೂರು ದಿನಾ ನನಗೆ ಇಸ್ತ್ರಿ ಹಾಕ್ತದೆ. ಆದ್ರೂ ನೋಡು, ಒಂದು ಸುಕ್ಕೂ ಹೋಗಿಲ್ಲ" ಎನ್ನುತ್ತಿದ್ದಳು.

ಆ ವರ್ಷ ಪಟ್ಟಣದ ಆಡಳಿತದವರು ಹತ್ತಿರದ ಶಾಲೆಯ ದೊಡ್ಡ ಕೋಣೆಯನ್ನು ತಂಪುಮನೆ ಮಾಡಿದರು. ಫ್ಯಾನು, ತಣ್ಣನೆಯ ನೀರು, ಬೆಂಚು. ವಯಸ್ಸಾದವರು, ಬಸುರಿಯರು, ಮಕ್ಕಳು ಮಧ್ಯಾಹ್ನ ಅಲ್ಲಿ ಬಂದು ಕೂರಬಹುದೆಂದು ಗಾಡಿಗೆ ಮೈಕು ಕಟ್ಟಿ ಸಾರಿದರು.

"ಹೋಗಮ್ಮ, ಒಂದಿಷ್ಟು ಹೊತ್ತು ಕೂತ್ಕೊಂಡು ಬಾ" ಎಂದ ಮಗ.

"ಸೊಸೆ ಇಲ್ಲಿ ಬೇಯ್ತಿರ್ಲಿ, ನಾನು ಅಲ್ಲಿ ಗಾಳಿ ಕುಡೀತಾ ಕೂರ್ಲಾ? ಚೆನ್ನಾಗಿದೆ ನಿನ್ನ ಮಾತು" ಎಂದು ತಾಯಿ ಹಾರಿಸಿಬಿಟ್ಟಳು.

ಒಂದು ಮಧ್ಯಾಹ್ನ ಸೊಸೆ ನೀರಿಗೆ ಹೋಗಿದ್ದಳು. ಇಸ್ತ್ರಿಯಣ್ಣ ಮೇಜಿನ ಮುಂದಿದ್ದ. ಹಿಂದಿನ ಕೋಣೆಯಲ್ಲಿ ತಾಯಿ ಮಲಗಿದ್ದಾಳೆ, ಕಣ್ಣು ಹತ್ತಿರಬೇಕು ಎಂದುಕೊಂಡ. ಸೊಸೆ ಬಂದು ಮುಟ್ಟಿದಾಗ ಮುದುಕಿಯ ಮೈ ಕಾದ ಹೆಂಚಾಗಿತ್ತು. ಬೆವರು ನಿಂತುಹೋಗಿತ್ತು. ಏನೇನೋ ಬಡಬಡಿಸುತ್ತಿದ್ದಳು, ಎದುರಿಗಿದ್ದವರ ಗುರುತು ಹತ್ತುತ್ತಿರಲಿಲ್ಲ. ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದರು. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ತಾಯಿ ಹೋದ ಮೇಲೆ ಇಸ್ತ್ರಿಯಣ್ಣ ಮಾತು ಬಿಟ್ಟ. ಬಟ್ಟೆ ತಂದವರು ಮೇಜಿನ ಮೇಲಿಟ್ಟು ಸುಮ್ಮನೆ ಹೋಗುತ್ತಿದ್ದರು.

ಮಳೆ ಹಿಡಿದ ಮೇಲೆ ಒಂದು ದಿನ, ಅದೇ ಬೀದಿಯಲ್ಲಿದ್ದ ದಾದಿಯಕ್ಕ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಮನೆಮನೆಗೆ ಹೋಗಿ ಬೇಸಿಗೆಯ ಬಗ್ಗೆ ಕೇಳುತ್ತಿದ್ದ ಅವಳಿಗೆ ಜನ ಆಗಲೇ ಪ್ರಶ್ನೆ ಮೇಡಂ ಎಂದು ಹೆಸರಿಟ್ಟಿದ್ದರು.

"ಅಣ್ಣ, ನಿಮ್ಮ ತಾಯಿ ತಂಪುಮನೆಗೆ ಯಾಕೆ ಹೋಗ್ಲಿಲ್ಲ ಅಂತ ಕೇಳ್ಬೇಕಿತ್ತು" ಎಂದಳು ಆಕೆ.

ಇಸ್ತ್ರಿಯಣ್ಣ ತಲೆ ಎತ್ತಲಿಲ್ಲ. "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದಿದ್ದೀರ. ಬಿಸಿಲು ಇಳಿಸೋ ವಿದ್ಯೆ ಏನಾದ್ರೂ ಗೊತ್ತಾ ನಿಮಗೆ?"

"ಇಲ್ಲ ಅಣ್ಣ. ನಾನು ಓದಿದ್ದು ಸಮಾಜಶಾಸ್ತ್ರ. ಜನ ಹೇಗೆ ಬದುಕ್ತಾರೆ, ಯಾಕೆ ಹೀಗೆ ಮಾಡ್ತಾರೆ, ಯಾವುದಕ್ಕೆ ಅಂಜ್ತಾರೆ ಅಂತ ತಿಳ್ಕೊಳ್ಳೋದು ನನ್ನ ಕೆಲಸ."

"ಅದನ್ನ ತಿಳ್ಕೊಂಡ್ರೆ ನಮ್ಮ ಸೂರು ತಂಪಾಗುತ್ತಾ?"

ದಾದಿಯಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನೋಡಪ್ಪ, ಬಿಸಿಲು ಎಷ್ಟಿತ್ತು ಅಂತ ಯಂತ್ರ ಹೇಳ್ತು. ಅದನ್ನ ನೋಡಿಯೇ ಆಡಳಿತದವರು ತಂಪುಮನೆ ಮಾಡಿದ್ದು. ಆದ್ರೆ ಬೇಸಿಗೆ ಪೂರ್ತಿ ಅದು ಖಾಲಿ ಬಿದ್ದಿತ್ತು. ಫ್ಯಾನು ಗೋಡೆಗೆ ಗಾಳಿ ಹಾಕ್ತಿತ್ತು. ಜನ ಯಾಕೆ ಬರ್ಲಿಲ್ಲ ಅಂತ ಹೇಳೋ ಯಂತ್ರ ಎಲ್ಲಿದೆ? ಜನರನ್ನೇ ಕೇಳ್ಬೇಕು."

"ಅಮ್ಮನಿಗೆ ಹಟ. ಅದಕ್ಕೇ ಹೋಗ್ಲಿಲ್ಲ. ಸಾಕಾ?"

"ಅತ್ತೆ ಹೋಗಿದ್ರು."

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಇಸ್ತ್ರಿಯಣ್ಣನ ಕೈ ನಿಂತಿತು.

"ಒಂದು ಸಲ ಹೋಗಿದ್ರು. ಬಾಗಿಲಲ್ಲಿ ಕಾವಲಿನವನು 'ಯಾರು ನೀನು, ಎಲ್ಲಿಂದ ಬಂದೆ, ಇಲ್ಲೇನು ಕೆಲಸ' ಅಂತ ಎಲ್ಲರೆದುರು ಗದರಿಸಿದ್ನಂತೆ. ಹೇಗೋ ಒಳಗೆ ಕೂತ್ರು. ಅಲ್ಲಿ ಕಕ್ಕಸು ಇದ್ದದ್ದು ಮಹಡಿ ಮೇಲೆ. ಅವರಿಗೋ ಗಳಿಗೆಗೊಮ್ಮೆ ಹೋಗ್ಬೇಕು. ಆ ಮಂಡಿಯಲ್ಲಿ ಮೆಟ್ಟಿಲು ಹತ್ತೋದು ಹೇಗೆ? ಅರ್ಧಕ್ಕೇ ಬಟ್ಟೆ ಒದ್ದೆಯಾಯ್ತು. ಹಾಗೇ ನಡ್ಕೊಂಡು ಮನೆಗೆ ಬಂದ್ರು." ಅವಳು ಕಣ್ಣೊರೆಸಿಕೊಂಡಳು. "ಮಗನಿಗೆ ಹೇಳ್ಬೇಡ ಅಂತ ತಮ್ಮ ತಲೆ ಮುಟ್ಟಿಸಿ ನನ್ನಿಂದ ಆಣೆ ಹಾಕಿಸ್ಕೊಂಡ್ರು. ಅವತ್ತಿನಿಂದ ನೀರು ಕುಡಿಯೋದೇ ಕಮ್ಮಿ ಮಾಡಿದ್ರು."

ಇಸ್ತ್ರಿಯಣ್ಣನಿಗೆ ಆ ದಿನ ನೆನಪಾಯಿತು. ಸುಡುವ ಬಿಸಿಲಲ್ಲಿ ತಾಯಿ ಬಟ್ಟೆ ಒಗೆಯುತ್ತ ಕೂತಿದ್ದಳು. ಈಗೇಕಮ್ಮ ಎಂದಿದ್ದಕ್ಕೆ ಬೆವರು ನಾರುತ್ತದೆ ಎಂದಿದ್ದಳು. ಒಣಗಿದ ಮೇಲೆ ಆ ಬಟ್ಟೆಗೆ ಅವನೇ ಇಸ್ತ್ರಿ ಹಾಕಿಕೊಟ್ಟಿದ್ದ.

ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಅವನೆಂದ, "ಬರ್ಕೊಳ್ಳಮ್ಮ. ಅವಳ ಮಾನ ಹೋಗದ ಹಾಗೆ ಬರ್ಕೋ."

"ಯಾರ ಹೆಸರೂ ಬರೆಯಲ್ಲ ಅಣ್ಣ."

ಕೇಳುತ್ತ ಹೋದಂತೆ ಮನೆಗೊಂದು ಮಾತು ಹೊರಬಿತ್ತು. ಕಾವಲಿನವನು ದಿಟ್ಟಿಸುವ ಕಡೆ ಕೂರಲು ಬಸುರಿಯರಿಗೆ ಸಂಕೋಚ. ಬೀಗವಿಲ್ಲದ ಮನೆ ಬಿಟ್ಟು ಬರಲು ಕೆಲವರಿಗೆ ಭಯ. ಆಡಳಿತದ ಸಭೆಗೆ ಪ್ರಶ್ನೆ ಮೇಡಂ ಒಬ್ಬಳೇ ಹೋಗಲಿಲ್ಲ, ಬೀದಿಯವರನ್ನೂ ಕರೆದೊಯ್ದಳು. "ಜನಕ್ಕೆ ತಿಳಿವಳಿಕೆ ಇಲ್ಲ, ಅದಕ್ಕೇ ಬರ್ಲಿಲ್ಲ ಅಂದ್ಕೊಂಡಿದ್ವಿ" ಎಂದರು ಅಧಿಕಾರಿ. "ನಮ್ಮತ್ತೆಗೆ ತಿಳಿವಳಿಕೆ ಇತ್ತು ಸ್ವಾಮಿ, ಮೆಟ್ಟಿಲು ಹತ್ತೋ ಕಾಲು ಇರ್ಲಿಲ್ಲ" ಎಂದಳು ಇಸ್ತ್ರಿಯಣ್ಣನ ಹೆಂಡತಿ. ಅಧಿಕಾರಿ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.

ಕೇಳಿದ್ದೆಲ್ಲ ಆಗಲಿಲ್ಲ. ಕಕ್ಕಸು ಕೆಳಗೆ ಬಂತು. ಕಾವಲಿನವನ ಜಾಗದಲ್ಲಿ ಬೀದಿಯ ಹೆಂಗಸರೇ ಕೂತರು. ಆದರೆ ತಗಡಿನ ಸೂರು ತಗಡಾಗಿಯೇ ಉಳಿಯಿತು. ನೆಡುತ್ತೇವೆಂದ ಮರಗಳು ಬರಲಿಲ್ಲ. ಮರುವರ್ಷದ ಬಿಸಿಲು ಇನ್ನೂ ಜೋರಾಗಿತ್ತು. ಹಿಂದಿನ ಓಣಿಯಲ್ಲಿ ಒಂಟಿಯಾಗಿದ್ದ ಮುದಿ ಚಮ್ಮಾರನೊಬ್ಬ ಮನೆಯೊಳಗೇ ತೀರಿಕೊಂಡ. ಅವನ ಬಾಗಿಲನ್ನು ಯಾರೂ ತಟ್ಟಿರಲಿಲ್ಲ.

ಆ ಸುದ್ದಿ ಕೇಳಿದ ದಿನದಿಂದ ಇಸ್ತ್ರಿಯಣ್ಣ ಮಧ್ಯಾಹ್ನ ಕೆಲಸ ನಿಲ್ಲಿಸಿ, ಹೆಂಡತಿಯೊಂದಿಗೆ ಓಣಿ ಓಣಿ ತಿರುಗತೊಡಗಿದ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಏಳಲೊಲ್ಲಳು.

"ಅಲ್ಲಿ ಮಹಡಿ ಹತ್ಬೇಕೇನಪ್ಪ?"

"ಇಲ್ಲ ಅಜ್ಜಿ, ಎಲ್ಲಾ ಕೆಳಗೇ ಇದೆ" ಎಂದು ಇಸ್ತ್ರಿಯಣ್ಣ ಅವಳ ಕೈ ಹಿಡಿದುಕೊಂಡ. ಇನ್ನೊಂದು ಕೈಯನ್ನು ಹೆಂಡತಿ ಹಿಡಿದಳು.

ಬಂಧುಗಳೇ, ಬಿಸಿಲು ಏರುತ್ತಿದೆ. ಅದನ್ನು ಅಳೆಯುವವರು ಬೇಕು, ಅದಕ್ಕೆ ತಕ್ಕಂತೆ ಕಟ್ಟುವವರು ಬೇಕು. ಕಟ್ಟಿದ್ದು ನಮಗೆ ಹೊಂದುತ್ತದೆಯೇ ಎಂದು ಕೇಳುವವರೂ ಬೇಕು. ಅವರು ನಿಮ್ಮ ಮನೆಗೆ ಬಂದಾಗ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕಕ್ಕಸಿನ ಮಾತೆಂದು ನಾಚಬೇಡಿ. ಯಾರೂ ಕೇಳಲು ಬಾರದಿದ್ದರೆ ನೀವೇ ಸಭೆಗೆ ಹೋಗಿ ಹೇಳಿ. ಬಿಸಿಲಲ್ಲಿ ಯಾರದಾದರೂ ಮೈ ಸುಡುತ್ತಿದ್ದು ಮಾತು ತೊದಲಿದರೆ ನೆರಳಿಗೆ ತನ್ನಿ, ಮೈಗೆ ತಣ್ಣೀರು ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಿ. ನಿಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತೇ ಹೋಗಿ ಬಾಗಿಲು ತಟ್ಟಿ. ನೀರು ಕುಡಿದಿರಾ ಎಂದು ಕೇಳಿ. ಇಲ್ಲ ಎಂದರೆ, ಯಾಕೆ ಎಂದೂ ಕೇಳಿ.